ಬಿಳಿಯಾದ ಗೋಡೆ

ಲೇಹ್, ಡಿಸೆಂಬರ್ ೧೨

ಕರಿಗೋಡೆ ಬಿಳಿಯಾಗಿದೆ. ಮಧ್ಯಾಹ್ನ ಜಮ್ಮುವಿನಿಂದ ಬಂದವಳು ಅಂಗಳದಲ್ಲೇ ನಿಂತುಬಿಟ್ಟೆ. ಹೊಗೆ ಕುಡಿದು ಸೋತ ಅಮ್ಮನ ಎದೆಗೆ ಒಲೆಯಿಲ್ಲದ ಬೆಚ್ಚನೆಯ ಕೋಣೆ ಬೇಕೆಂದು, ದಕ್ಷಿಣದ ಗೋಡೆಗೆ ಕಪ್ಪು ಬಳಿದು ಮುಂದೆ ಗಾಜು ಕೂರಿಸಿದ್ದೆ. ಹಗಲು ಬಿಸಿಲು ಹೀರಿ ರಾತ್ರಿಯಿಡೀ ಒಳಗೆ ಬಿಸಿ ಬಿಡುತ್ತಿದ್ದ ಗೋಡೆ.

“ಲೋಸರ್ ಹಬ್ಬಕ್ಕೆ ಅಂತ ಚಳಿ ಬೀಳೋ ಮೊದಲೇ ಇಡೀ ಮನೆಗೆ ಸುಣ್ಣ ಹೊಡೆಸಿದೆ. ಅದೊಂದು ಮಾತ್ರ ಮಸಿ ಬಡಿದ ಮುಖದ ಹಾಗಿತ್ತು ಕಣೇ. ಗಾಜು ತೆಗೆಸಿ ನಾನೇ ಬಳಿದೆ. ನಿಂಗೆ ಓದೋದು ಗೊತ್ತು, ಮನೆ ಚೆಂದ ಮಾಡೋದು ಗೊತ್ತಿಲ್ಲ!” ಅಮ್ಮ ನಗುತ್ತ ನಗುತ್ತ ಕೆಮ್ಮಿದಳು.

ಈ ಚಳಿಯಲ್ಲಿ ಬಣ್ಣ ಹಿಡಿಯುವುದಿಲ್ಲ. ಮಾರ್ಚ್‌ವರೆಗೆ ಏನೂ ಮಾಡುವಂತಿಲ್ಲ. ಜಮ್ಮುವಿಗೆ ಬಾ ಎಂದರೆ ಬರುವವಳಲ್ಲ. ಹಾಸಿಗೆ ಆಗಲೇ ಅಡುಗೆಮನೆಯ ಒಲೆಯ ಪಕ್ಕಕ್ಕೆ ಹೋಗಿದೆ. ಇನ್ನೊಂದು ಚಳಿಗಾಲ ಆ ಹೊಗೆಯಲ್ಲಿ ಕಳೆದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ಗೊತ್ತು.

ಹೋದ ಚಳಿಗಾಲವಿಡೀ ಆ ಕೋಣೆಯಲ್ಲಿ ಕೂತು ಅವಳಿಗೆ ಕವಿತೆ ಓದಿ ಹೇಳಿದೆ. ಗೋಡೆ ಯಾಕೆ ಕಪ್ಪು ಎಂದು ಮಾತ್ರ ಹೇಳಲಿಲ್ಲ.

ಊಟವಾದ ಮೇಲೆ ಕೇಳಿದಳು. “ಈ ವರ್ಷ ಆ ಕೋಣೆ ಬಿಸಿಯಾಗೋದೇ ಇಲ್ವಲ್ಲೇ. ಬಿಸಿಲಿಗೆ ಶಕ್ತಿ ಕಮ್ಮಿಯಾಯ್ತಾ?”

“ಹೂಂ ಅಮಾಲೆ, ಈ ವರ್ಷದ ಬಿಸಿಲೇ ಹಾಗೆ.”

ನಂಬಿದಳು. ಒಲೆಗೆ ಇನ್ನೊಂದು ಬೆರಣಿ ಹಾಕಿದಳು.