ಮಗೊಸಾವಾ ಗುಡಿಯ ಎಡೆ

ಫುಕಾಗಾವಾ, ತೋಕ್ಯೋ
ನವೆಂಬರ್ 14, 1984

ಪ್ರೀತಿಯ ತಮಾಯೆ,

ನಿನ್ನ ಕಾರ್ಡು ಬಂದು ಇಪ್ಪತ್ತು ದಿನವಾಯಿತು. "ಹೋಗಿ ಬಂದೆಯಾ, ಇಲ್ಲ ಆ ಬೆಟ್ಟದಲ್ಲೇ ಬೇರು ಬಿಟ್ಟೆಯಾ" ಎಂದು ಕೇಳಿದ್ದೆ. ಹೋಗಿ ಬಂದೆ ಕಣೆ. ಬಂದ ಮರುದಿನವೇ ನಿನಗೆ ಬರೆಯಲು ಕುಳಿತೆ. ಬರೆದದ್ದು ಸರಿಕಾಣದೆ ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ನಮ್ಮವರು ಅಂಗಡಿಯಲ್ಲಿ ಚಾಪೆಯ ಅಂಚು ಹೊಲಿಯುತ್ತಲೇ, "ಊರಿಗೆ ಹೋಗಿದ್ದು ಎರಡೇ ದಿನ. ಅದನ್ನ ಬರೆಯೋಕೆ ಒಂದು ತಿಂಗಳಾ?" ಎಂದು ಅಣಕಿಸಿದರು. ತಡವಾದದ್ದಕ್ಕೆ ಕ್ಷಮಿಸು. ನಿನ್ನ ಮೊಣಕಾಲು ಹೇಗಿದೆ? ಶಿಮಿಜುವಿನಲ್ಲಿ ಈಗ ಕಿತ್ತಳೆ ಕೊಯ್ಲು ಶುರುವಾಗಿರುತ್ತದೆ. ಏಣಿ ಹತ್ತುವ ಕೆಲಸ ಬೇರೆಯವರಿಗೆ ಬಿಡು. ನಮಗೂ ಐವತ್ತಾಯಿತು.

ಒಟ್ಟು ಹದಿನೆಂಟು ಜನ ಹೋಗಿದ್ದೆವು. ಯುದ್ಧದ ಕಾಲದಲ್ಲಿ ಬಾಂಬಿನಿಂದ ದೂರವಿರಲೆಂದು ಕಳಿಸಿದ್ದ ನಮ್ಮ ಶಾಲೆಯ ಮಕ್ಕಳನ್ನು ಮಗೊಸಾವಾದವರು ಇರಿಸಿಕೊಂಡು ನಲವತ್ತು ವರ್ಷ ತುಂಬಿತೆಂದು ಊರಿನವರೇ ಕರೆದಿದ್ದರು. ಆಗ ಸ್ಟೇಷನ್ನಿನಿಂದ ಊರಿನವರೆಗೆ ಬೆನ್ನಿಗೆ ಗಂಟು ಕಟ್ಟಿಕೊಂಡು ಅರ್ಧ ದಿನ ನಡೆದಿದ್ದೆವಲ್ಲ, ಈಗ ಬಸ್ಸಿನಲ್ಲಿ ನಲವತ್ತು ನಿಮಿಷ. ನಮ್ಮ ತರಗತಿಯ ಗೆಂಗೊ ನೆನಪಿದ್ದಾನಾ? ಈಗ ಸೆಂಜುವಿನಲ್ಲಿ ಸಾರ್ವಜನಿಕ ಸ್ನಾನದ ಮನೆ ನಡೆಸುತ್ತಾನೆ, ತಲೆ ಪೂರ್ತಿ ಬೋಳು. ಬಸ್ಸಿನಲ್ಲಿ ಎದ್ದು ನಿಂತು, "ಹಲ್ಲುಪುಡಿ ತಿಂದವರ ಸಂಘಕ್ಕೆ ಸ್ವಾಗತ" ಎಂದ. ಎಲ್ಲರೂ ನಕ್ಕೆವು. ಹಸಿವು ತಾಳದೆ ತಿಂದಿದ್ದೆವಲ್ಲ ನಾವು. ಎಸೆದು ಹಿಡಿಯುವ ಆಟದ ಪುಟ್ಟ ಬಟ್ಟೆಚೀಲಗಳನ್ನು ಬಿಚ್ಚಿ ಅವುಗಳೊಳಗಿನ ಅವರೆಕಾಳನ್ನೂ ಹುರಿದು ತಿಂದಿದ್ದೆವು. ನಿನ್ನ ಕೆಂಪು ಚೀಲದ ಕಾಳು ಹುಳುಕಾಗಿತ್ತು, ಆದರೂ ಬಿಡಲಿಲ್ಲ.

ಊರು ಅಷ್ಟೇನೂ ಬದಲಾಗಿಲ್ಲ. ಹುಲ್ಲಿನ ಮಾಡುಗಳಲ್ಲಿ ಅರ್ಧದಷ್ಟಕ್ಕೆ ತಗಡು ಬಂದಿದೆ. ದಾರಿಯ ಪಕ್ಕದ ಕಾಲುವೆಯಲ್ಲಿ ಅದೇ ನೀರು. ಹೆಂಗಸರು ಮೂಲಂಗಿ ತೊಳೆದು ಸೂರಿನ ಕೆಳಗೆ ಸಾಲಾಗಿ ನೇತುಹಾಕುತ್ತಿದ್ದರು. ನಾವು ಹುಡುಗಿಯರೆಲ್ಲ ಇದ್ದ ಛತ್ರವೂ ಹಾಗೆಯೇ ಇದೆ. ನಾವು ಮಲಗುತ್ತಿದ್ದ ಮಹಡಿಗೆ ಹೋಗಿ ನೋಡಿದೆ. ಇಪ್ಪತ್ತಮೂರು ಜನ ಹೇಗೆ ಹಿಡಿಸಿದೆವೋ ತಿಳಿಯದು. ರಾತ್ರಿ ಒಬ್ಬಳು ಮಗ್ಗುಲು ಬದಲಿಸಿದರೆ ಸಾಲೆಲ್ಲ ಬದಲಿಸಬೇಕಿತ್ತು.

ಸಂಜೆ ಊಟಕ್ಕೆ ಊರಿನ ಹೆಂಗಸರೆಲ್ಲ ಸೇರಿ ಬಡಿಸಿದರು. ಕೈಯಲ್ಲಿ ಹೊಸೆದ ಸೋಬಾ ಶಾವಿಗೆ, ಒಣಗಿಸಿದ ಜರೀಸೊಪ್ಪಿನ ಪಲ್ಯ, ಕೆಂಡದ ಸುತ್ತ ಕಡ್ಡಿಗೆ ಚುಚ್ಚಿ ಸುಟ್ಟ ಹೊಳೆಮೀನು. ಕೊನೆಗೆ ತೊಚಿಮೋಚಿ. ಕಾಡಿನ ತೊಚಿಕಾಯಿಯ ಕಹಿ ಹೋಗಲು ವಾರಗಟ್ಟಲೆ ಹರಿಯುವ ನೀರಲ್ಲಿಟ್ಟು, ಬೂದಿನೀರಿನಲ್ಲಿ ನೆನೆಸಿ, ಅಂಟಕ್ಕಿಯ ಜೊತೆ ಕುಟ್ಟಿ ಮಾಡುತ್ತಾರಲ್ಲ, ಆ ಕಂದು ಬಣ್ಣದ ಕಡುಬು. ಕೆಂಡದ ಮೇಲೆ ಸುಟ್ಟು ತಂದು ನನ್ನ ಮುಂದಿಟ್ಟವಳು ಕಿನುಯೆ ಎಂಬ ಹೆಂಗಸು, ಬೆಟ್ಟದ ದೇವರ ಗುಡಿಯನ್ನು ನೋಡಿಕೊಳ್ಳುವ ಮನೆಯ ಸೊಸೆ. "ಆಗ ಕೊಡೋಕಾಗ್ಲಿಲ್ಲ ಅಂತ ನಮ್ಮತ್ತೆ ಇವತ್ತಿಗೂ ಅಂತಿರ್ತಾರೆ. ಈಗ್ಲಾದ್ರೂ ಹೊಟ್ಟೆ ತುಂಬಾ ತಿನ್ನಿ" ಎಂದಳು. ಗೆಂಗೊ ಏಳು ತಿಂದ. ನಾನು ಒಂದನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಅವನು "ಅಮ್ಮಾವ್ರು ಫೋಟೋಕ್ಕೆ ಕೂತಿದಾರೆ" ಎಂದು ಗೇಲಿ ಮಾಡಿದ.

ನೀನು ಯಾಕೆ ಬರಲಿಲ್ಲವೆಂದು ಎಲ್ಲರೂ ಕೇಳಿದರು. ಮೊಣಕಾಲು ನೋವು ಎಂದೆ. ನೀನು ಫೋನಿನಲ್ಲಿ ಹೇಳಿದ್ದನ್ನು ಯಾರಿಗೂ ಹೇಳಲಿಲ್ಲ. "ಗುಡಿಯ ಎಡೆ ಕದ್ದು ಅದರ ಚೂರನ್ನ ನನ್ನ ದಿಂಬಿನ ಕೆಳಗೆ ತುರುಕಿದೋಳು ಆ ಇಪ್ಪತ್ತಮೂರು ಜನರಲ್ಲೇ ಇದ್ಲು. ನನ್ನನ್ನ ಅಷ್ಟು ದ್ವೇಷಿಸಿದೋಳ ಜೊತೆ ಒಂದೇ ಮಣೆ ಸಾಲಲ್ಲಿ ಕೂತು ನಾನು ಹೇಗೆ ಉಣ್ಣಲಿ?" ಎಂದೆಯಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಗುಡಿಗೆ ಹೊರಟೆವು. ಕಲ್ಲಿನ ಕಮಾನು, ಆಮೇಲೆ ದೇವದಾರುಗಳ ನಡುವೆ ಮೆಟ್ಟಿಲು. ಎಣಿಸಿದೆ, ನೂರಾ ಹದಿನಾಲ್ಕು. ಆಗ ಮಂಜಿನಲ್ಲಿ ಹೂತಿದ್ದಾಗ ಎಷ್ಟೆಂದು ಯಾರಿಗೆ ಗೊತ್ತಿತ್ತು. ಮೇಲೆ ಚಪ್ಪಾಳೆ ತಟ್ಟಿ ಕೈಮುಗಿದು ಇಳಿದು ಬಂದಾಗ, ಮೆಟ್ಟಿಲ ಬುಡದ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಕಿನುಯೆಯ ಅತ್ತೆ, ಇಶಿ ಅಜ್ಜಿ. ಎಂಬತ್ತೈದು ದಾಟಿದೆ, ಕಣ್ಣು ಮಂಜಾಗಿದೆ. ಇಳಿದು ಬಂದ ಒಬ್ಬೊಬ್ಬ ಹೆಂಗಸಿನ ಕೈಯನ್ನೂ ಹಿಡಿದು ಒಂದೇ ಮಾತು ಕೇಳುತ್ತಿದ್ದಳು. "ಅಮ್ಮ ಬಂದ್ರೂ ನೋಡಕ್ಕೆ ಬಿಡಲಿಲ್ವಲ್ಲ, ಆ ಮಗ ನೀನೇನವ್ವ?"

ನನ್ನ ಸರದಿ ಬಂತು. "ನಾನಲ್ಲ ಅಜ್ಜಿ. ಅವಳು ತಮಾಯೆ. ನಾನು ಅವಳ ಗೆಳತಿ ಮಸುಯೊ" ಎಂದೆ.

ಅವಳು ನನ್ನ ಕೈ ಬಿಡಲಿಲ್ಲ. "ಬದುಕವ್ಳಾ?"

"ಇದಾಳೆ. ಶಿಮಿಜುವಿನಲ್ಲಿ. ಚಿಕ್ಕಪ್ಪ ಸಾಕಿದ್ರು. ಈಗ ಎರಡು ಮೊಮ್ಮಕ್ಕಳು."

"ಹಂಗಾದ್ರೆ ಕೂತ್ಕೊ. ಅವ್ಳಿಗೆ ಮುಟ್ಟಿಸೋ ಮಾತೈತೆ" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ತಮಾಯೆ, ಇನ್ನು ಮುಂದಿನದು ಅವಳು ಹೇಳಿದ್ದು. ಮರೆಯಬಾರದೆಂದು ಬಸ್ಸಿನಲ್ಲೇ ಬರೆದಿಟ್ಟುಕೊಂಡೆ.

ಅಜ್ಜಿ ಹೇಳಿದಳು: "ಆ ಚಳಿಗಾಲ ಗುಡಿಗೆ ಎಡೆ ಇಡೋದು ನನ್ನ ಕೆಲ್ಸ. ಒಂದಿನ ಹೋಗಿ ನೋಡಿದ್ರೆ ತಟ್ಟೆ ಖಾಲಿ. ಮಂಜಿನ ಮ್ಯಾಲೆ ಪುಟ್ಟ ಪುಟ್ಟ ಹೆಜ್ಜೆ. ನರಿ ತಿಂದೈತೆ ಅಂದ ನನ್ನ ಗಂಡ. ನರಿ ಹುಲ್ಲಿನ ಕೆರ ಹಾಕ್ಕಂಡ್ ಬತ್ತದಾ? ಪಟ್ನದ ಮಕ್ಳಿಗೆ ಯಾರೂ ಕದ್ದು ಮುಚ್ಚಿ ಏನೂ ಕೊಡಬಾರ್ದು ಅಂತ ಆರ್ಡರ್ ಇತ್ತು. ದ್ಯಾವ್ರಿಗೆ ಜಾಸ್ತಿ ಇಡಬ್ಯಾಡ ಅಂತ ಆರ್ಡರ್ ಇರ್ಲಿಲ್ಲ. ಒಂದು ತೊಚಿಮೋಚಿ ಇಡೋ ಕಡೆ ಮೂರಿಟ್ಟೆ. ಬೆಟ್ಟದ ದ್ಯಾವ್ರಿಗೆ ಹಲ್ಲೈತಾ, ಅದನ್ನ ಅಗಿಯಕ್ಕೆ?"

ಮೂರನೆಯ ಸಲ ಅವಳ ಮಾವ ಖಾಲಿ ತಟ್ಟೆ ನೋಡಿದನಂತೆ. ದೇವರಿಗೆ ಅಪಚಾರವಾಯಿತೆಂದು ನೇರ ಛತ್ರಕ್ಕೆ ಹೋಗಿ ಶಿರಾತೋರಿ ಮೇಷ್ಟ್ರಿಗೆ ದೂರು ಕೊಟ್ಟನಂತೆ. ಆಮೇಲಿನದು ನಿನಗೆ ಗೊತ್ತೇ ಇದೆ. ನೀನು ಜ್ವರದಲ್ಲಿ ಮಲಗಿದ್ದೆ. ಎಲ್ಲರ ಹಾಸಿಗೆ ಜಾಲಾಡಿ ನಿನ್ನ ದಿಂಬಿನ ಕೆಳಗೆ ಚೂರು ಸಿಕ್ಕಿತು. ಫೆಬ್ರವರಿ ಮುಗಿಯುವ ತನಕ ನಿನಗೆ ಕಾಗದವಿಲ್ಲ, ಮನೆಯವರ ಭೇಟಿಯಿಲ್ಲ ಎಂದು ಮೇಷ್ಟ್ರು ತೀರ್ಮಾನ ಮಾಡಿದರು.

"ನಾನೇ ಇಟ್ಟಿದ್ದು, ಮಕ್ಳು ತಿನ್ಲಿ ಅಂತ್ಲೇ ಇಟ್ಟಿದ್ದು, ಅಂತ ಒಂದ್ ಮಾತು ಹೇಳಿದ್ರೆ ಆ ಮಗ ಬಚಾವಾಗೋದು. ಹೇಳಿದ್ರೆ ಮಾವ ನನ್ನ ತವರಿಗೆ ಅಟ್ಟೋನು. ಬಾಯಿ ಮುಚ್ಕಂಡೆ" ಎಂದಳು ಅಜ್ಜಿ. ಅಳಲಿಲ್ಲ. ಇದನ್ನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡವಳ ಹಾಗೆ ಹೇಳಿದಳು.

ಈಗ ಮುಖ್ಯವಾದದ್ದು. ನಿಮ್ಮ ಅಮ್ಮ ಬಂದ ದಿನ ಎದೆಮಟ್ಟ ಮಂಜು ಬಿದ್ದಿತ್ತಲ್ಲ. ಮೇಷ್ಟ್ರು ಬಾಗಿಲಲ್ಲೇ ವಿಷಯ ಹೇಳಿ ಕಳಿಸಿದರು. ನೀನು ಮಹಡಿಯ ಕಿಟಕಿಯಿಂದ ಅವರ ಬೆನ್ನು ನೋಡಿದೆ. ಆಮೇಲೆ ಅವರು ಎಲ್ಲಿಗೆ ಹೋದರು ಎಂದು ನಮಗೆ ಗೊತ್ತಿರಲಿಲ್ಲ. ನೇರವಾಗಿ ಸ್ಟೇಷನ್ನಿಗೆ ಹೋಗಲಿಲ್ಲ ಕಣೆ. ನಿನ್ನ ಪರವಾಗಿ ದೇವರಲ್ಲಿ ಬೇಡಿಕೊಳ್ಳಲು ಗುಡಿಗೆ ಬಂದು, ಮಂಜಿನಲ್ಲಿ ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತಿದ್ದರಂತೆ. ಇಶಿ ಅಜ್ಜಿ ಒಳಗೆ ಕರೆದು ಒಲೆಯ ಮುಂದೆ ಕೂರಿಸಿದಳಂತೆ. ಒದ್ದೆ ಕಾಲುಚೀಲ ಒಣಗಿಸಿ, ಬಿಸಿ ಮಿಸೊ ಸಾರು ಕೊಟ್ಟು, ಮಾವ ಹೊರಗೆ ಹೋಗಿದ್ದರಿಂದ ಧೈರ್ಯ ಮಾಡಿ ನಿಜವನ್ನೂ ಹೇಳಿದಳಂತೆ. ಎಡೆ ಇಟ್ಟದ್ದೇ ಮಕ್ಕಳಿಗೆ ಎಂದು.

ನಿಮ್ಮ ಅಮ್ಮ ಸಾರಿನ ಬಟ್ಟಲು ಕೆಳಗಿಟ್ಟು ಹೀಗೆಂದರಂತೆ: "ನನ್ನ ಮಗಳು ಕದಿಯೋಳಲ್ಲ. ಆದ್ರೂ, ಅವಳೇ ತಿಂದಿದ್ರೆ ಒಳ್ಳೇದಿತ್ತು. ಒಂದ್ ತುತ್ತಾದ್ರೂ ಹೊಟ್ಟೆಗೆ ಬಿದ್ದಿರೋದು." ಆಮೇಲೆ, ಮಗಳು ಇರುವ ಊರಿನ ರುಚಿ ನೋಡುತ್ತೇನೆಂದು ಒಂದು ತೊಚಿಮೋಚಿ ಕೇಳಿ ತಿಂದರಂತೆ. "ಚೆನ್ನಾಗಿದೆ. ಯುದ್ಧ ಮುಗಿದ ಮೇಲೆ ಇಬ್ಬರೂ ಬಂದು ತಿಂತೀವಿ" ಎಂದು ಹೇಳಿ ಹೊರಟರಂತೆ. ಅಜ್ಜಿ ಊರ ಗಡಿಯವರೆಗೆ ಮಂಜು ತುಳಿದು ದಾರಿ ಮಾಡಿಕೊಟ್ಟಳಂತೆ.

ಮೂರು ವಾರಕ್ಕೆ, ಮಾರ್ಚ್‌ನಲ್ಲಿ, ವಿಮಾನಗಳು ತೋಕ್ಯೋ ಮೇಲೆ ಆ ಬೆಂಕಿ ಸುರಿದವು. ನಮ್ಮ ಫುಕಾಗಾವಾ ಸುಟ್ಟದ್ದು ಗೊತ್ತಾದ ದಿನ ಅಜ್ಜಿ ಛತ್ರದ ಬಾಗಿಲವರೆಗೂ ಬಂದು, ಒಳಗೆ ಬರಲಾರದೆ ತಿರುಗಿ ಹೋದಳಂತೆ.

ತಮಾಯೆ, ನೀನು ಯಾರಿಗೂ ಹೇಳದೆ ನನಗೊಬ್ಬಳಿಗೆ ಹೇಳಿದ್ದೆ, "ಅಮ್ಮ ನನ್ನನ್ನ ಕಳ್ಳಿ ಅಂತ ನಂಬಿಕೊಂಡೇ ಸತ್ಲು" ಎಂದು. ನಿನ್ನ ಮದುವೆಯ ಹಿಂದಿನ ದಿನ ಹೇಳಿದ್ದು. ಹಾಗಲ್ಲ ಕಣೆ. ಅವರು ನಂಬಲಿಲ್ಲ. ಇದನ್ನು ಕಣ್ಣಾರೆ ಕಂಡ ಒಂದು ಜೀವ ಇನ್ನೂ ಇದೆ. ಒಮ್ಮೆ ಹೋಗಿ ಅವಳ ಬಾಯಿಂದಲೇ ಕೇಳು. ಚಳಿಗಾಲ ಕಳೆಯುವ ತನಕ ಇರುತ್ತೇನೋ ಇಲ್ಲವೋ ಎಂದು ಅವಳೇ ಹೇಳಿದಳು. ಕಿನುಯೆ "ಹತ್ತು ವರ್ಷದಿಂದ ಹಂಗೇ ಅಂತಿದಾರೆ" ಎಂದು ನಕ್ಕಳು. ಆದರೂ ತಡ ಮಾಡಬೇಡ.

ನಿನಗೆಂದು ಕಿನುಯೆ ಕಟ್ಟಿಕೊಟ್ಟ ತೊಚಿಮೋಚಿಯನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಗಟ್ಟಿಯಾಗಿರುತ್ತದೆ, ಸುಟ್ಟು ತಿನ್ನು. ಮೊಮ್ಮಕ್ಕಳಿಗೆ ಕಹಿ ಹಿಡಿಸದಿದ್ದರೆ ಸಕ್ಕರೆ ಬೆರೆಸಿದ ಸೋಯಾ ಹಿಟ್ಟು ಹಚ್ಚು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ನಿನ್ನ ಮನೆಯ ಒಲೆ ಈ ಚಳಿಯಲ್ಲಿ ಆರದಿರಲಿ, ನಿನ್ನ ಮಕ್ಕಳು ಹಸಿವೆಂದರೇನೆಂದು ತಿಳಿಯದೆ ನೂರು ವರ್ಷ ಬಾಳಲಿ.

ಎಂದೆಂದೂ ನಿನ್ನ,
ಮಸುಯೊ

ಮರೆತ ಮಾತು: ಮರೆತದ್ದಲ್ಲ. ಹರಿದುಹಾಕಿದ ಕಾಗದಗಳೆಲ್ಲ ಇಲ್ಲಿಗೆ ಬಂದು ನಿಂತಿದ್ದವು.

ಎಡೆ ತಿಂದವಳು ನಾನು. ಮೂರು ಸಲವೂ ನಾನೇ. ಬೆಳಿಗ್ಗೆ ನೀರು ತರುವ ಪಾಳಿಯಿದ್ದಾಗ ಮೆಟ್ಟಿಲು ಹತ್ತಿ ಓಡುತ್ತಿದ್ದೆ. ಮೂರನೆಯ ಸಲ ನಿನಗೆ ಜ್ವರ ಬಂದು ಎರಡು ದಿನದಿಂದ ಗಂಜಿಯೂ ಇಳಿದಿರಲಿಲ್ಲ. ಒಂದನ್ನು ಮುರಿದು ಅರ್ಧವನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡು ತಂದೆ. ನೀನು ನಿದ್ದೆ ಮಾಡುತ್ತಿದ್ದೆ. ಎದ್ದಾಗ ಸಿಗಲಿ ಎಂದು ದಿಂಬಿನ ಕೆಳಗೆ ಇಟ್ಟೆ. ನೀನು ಏಳುವ ಮೊದಲೇ ಮೇಷ್ಟ್ರು ಬಂದರು.

ನಿನ್ನನ್ನೂ ಎಬ್ಬಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆ. ನಿನ್ನ ಕೈ ಹಿಡಿದುಕೊಂಡಿದ್ದೆ. ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ನಿಂತೆ. ಹೇಳಲಿಲ್ಲ. "ಆವತ್ತು ನನ್ನ ಕೈ ಹಿಡಿದೋಳು ನೀನೊಬ್ಳೇ" ಎಂದು ನೀನು ಈಗಲೂ ಹೇಳುತ್ತೀ. ಅದನ್ನು ಕೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ. ನೀನದನ್ನು ನಾಚಿಕೆ ಎಂದುಕೊಂಡೆ.

ಬಸ್ಸು ಹೊರಡುವ ಮೊದಲು ಇಶಿ ಅಜ್ಜಿಯ ಬಳಿಗೆ ಒಬ್ಬಳೇ ಹಿಂತಿರುಗಿ ಹೋಗಿ ಹೇಳಿದೆ. ಅವಳು ಕೇಳಿದ್ದು ಒಂದೇ, "ಹೊಟ್ಟೆ ತುಂಬ್ತಾ?" ಇಲ್ಲ ಎಂದೆ. "ಹೂಂ. ನನಗೆ ಹೇಳಿ ಏನ್ ಬಂತು ಮಗ. ಹೇಳಬೇಕಾದೋಳಿಗೆ ಹೇಳು" ಎಂದು ಎದ್ದು ಒಳಗೆ ಹೋದಳು.

ಆ ಮಹಡಿಯಲ್ಲಿ ನಿನ್ನನ್ನು ದ್ವೇಷಿಸಿದವರು ಯಾರೂ ಇರಲಿಲ್ಲ ತಮಾಯೆ. ನಿನ್ನ ಅಮ್ಮನನ್ನು ನಿನಗೆ ತಪ್ಪಿಸಿದವಳು ನಾನು, ನಿನ್ನ ಗೆಳತಿ.

ಡಿಸೆಂಬರ್ ಮೊದಲ ಭಾನುವಾರ ಹನ್ನೊಂದರ ಗಾಡಿಗೆ ಶಿಮಿಜು ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ಬೈಯಲಿಕ್ಕಾದರೂ ಬಾ. ನೀನು ಬರದಿದ್ದರೆ ನಾಲ್ಕರ ಗಾಡಿಗೆ ಹಿಂತಿರುಗುತ್ತೇನೆ.