ಮಾವನ ತೆಂಗಿನಕಾಯಿ

ಬರ್ಕಾ, ಒಮಾನ್

ಮಾವನವರಿಗೆ ನಮಸ್ಕಾರ.

ಫೋನಿನಲ್ಲಾದರೆ ನೀವು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಬಂದದ್ದು ಮಗಳನ್ನು ನೋಡಲು. ಬೋರ್‌ವೆಲ್‌ನಲ್ಲಿ ನೀರು ಯಾಕೆ ಕಡಿಮೆಯಾಯಿತೆಂದು ನಾನು ಪರೀಕ್ಷೆ ಮಾಡುತ್ತಿದ್ದ ತೋಟಕ್ಕೆ ಬಂದು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಸೆಲೆ ಹುಡುಕುತ್ತಾ ನಡೆಯಲು ನಿಮಗೆ ಯಾರು ಹೇಳಿದರು? ಕಾಯಿ ಎದ್ದು ನಿಂತ ಜಾಗದಲ್ಲೇ ಹೊಸದು ಕೊರೆಸುತ್ತೇನೆಂದು ತೋಟದ ಯಜಮಾನ ಸಾಲಿಂ ಸಾಹೇಬರು ಹಟ ಹಿಡಿದಿದ್ದಾರೆ. ಪರ್ಮಿಟ್ ಇಲ್ಲದೆ ಇಲ್ಲಿ ಕೊರೆಯುವಂತಿಲ್ಲ ಎಂದರೂ ಕೇಳುತ್ತಿಲ್ಲ. ಅಷ್ಟರಲ್ಲಿ ಖರ್ಜೂರದ ಮರಗಳು ಒಣಗುತ್ತಿವೆ.

ಹಳೆಯ ಬೋರ್‌ವೆಲ್ ಬತ್ತಿಲ್ಲ ಮಾವ. ಪಂಪ್ ನಿಲ್ಲಿಸಿದಾಗ ನೀರಿನ ಮಟ್ಟ ಮೊದಲಿನಷ್ಟೇ ಇರುತ್ತದೆ, ಪಂಪ್ ಹಾಕಿದರೆ ಸರ್ರನೆ ಇಳಿಯುತ್ತದೆ. ಅಂದರೆ ಸುತ್ತ ನೀರಿದೆ, ಒಳಗೆ ಬರಲು ದಾರಿಯಿಲ್ಲ. ನಮ್ಮ ಮನೆಯ ಕೆಟಲ್‌ನಲ್ಲಿ ಕಟ್ಟುತ್ತದೆಂದು ನೀವು ದಿನಾ ಬೈಯುತ್ತಿದ್ದಿರಲ್ಲ, ಅದೇ ಬಿಳಿ ಸುಣ್ಣ ಪೈಪಿನ ತೂತುಗಳಿಗೆ ಕಟ್ಟಿಕೊಂಡಿದೆ. ತೊಳೆದರೆ ಸಾಕು.

ಬೋರ್‌ವೆಲ್ ಒಳಗೆ ಕ್ಯಾಮರಾ ಇಳಿಸಿ ಸಾಹೇಬರಿಗೆ ಅದನ್ನೂ ತೋರಿಸಿದೆ. "ನಿನ್ನ ಮಾವ ಹೇಳಿಯಾಯಿತು, ಖಲಾಸ್" ಎಂದರು. ಹನ್ನೆರಡು ವರ್ಷದಿಂದ ಅವರ ಪಂಪ್ ನೋಡಿಕೊಂಡು ಬಂದವನು ನಾನು!

ಈಗ ದಯವಿಟ್ಟು ಒಂದು ಉಪಕಾರ ಮಾಡಿ. ನಿಮ್ಮ ಹಿಂದಿಯಲ್ಲೇ ಅವರಿಗೊಂದು ವಾಯ್ಸ್ ಮೆಸೇಜ್ ಕಳಿಸಿ. ಊರಿಂದಲೇ ಮತ್ತೊಮ್ಮೆ ಕಾಯಿ ಇಟ್ಟು ನೋಡಿದೆ, ಮೊದಲು ಹಳೆಯದನ್ನು ತೊಳೆಸಬೇಕಂತೆ ಎಂದು ಹೇಳಿ.

ನನ್ನ ಹೆಸರು ಮಾತ್ರ ಎತ್ತಬೇಡಿ. ಎತ್ತಿದರೆ ಅವರು ನಂಬುವುದಿಲ್ಲ.

ನಿಮ್ಮ ಅಳಿಯ,
ಸುಧಾಕರ