ಪೆಟ್ರೋಲ್ ಗಾಡಿಗೆ ಡೀಸೆಲ್

ಅಪ್ಪಾ,

ನೀನು ಓದುವುದಿಲ್ಲ, ಗೊತ್ತು. ಆದರೂ ಬೇರೆ ಯಾರಿಗೆ ಹೇಳಲಿ? ನೀನು ತೀರಿಕೊಂಡ ಮೇಲೆ ಕೊಂಡ ಹೊಸ ಕಾರು ಮನೆಗೆ ಬಂದು ವಾರವೂ ಆಗಿಲ್ಲ, ಇವತ್ತು ಬಂಕಿನಲ್ಲಿ ಎಡವಟ್ಟು ಮಾಡಿಕೊಂಡೆ. "ಏನ್ ಹಾಕ್ಲಿ ಮೇಡಂ?" ಎಂದು ಬಂಕಿನ ಹುಡುಗ ಕೇಳಿದಾಗ ನಾಲಿಗೆ ತಾನಾಗಿಯೇ "ಡೀಸೆಲ್" ಅಂದುಬಿಟ್ಟಿತು. ನಿನ್ನ ಡೀಸೆಲ್ ವ್ಯಾನಿನ ಪಕ್ಕದ ಸೀಟಿನಲ್ಲೇ ಬೆಳೆದವಳಲ್ಲವೇ! ಇದು ಪೆಟ್ರೋಲ್ ಗಾಡಿ ಎಂದು ನೆನಪಾಗುವಷ್ಟರಲ್ಲಿ ಅರ್ಧ ಟ್ಯಾಂಕು ತುಂಬಿತ್ತು.

ಕೀ ಮಾತ್ರ ಮುಟ್ಟಲಿಲ್ಲ. ಹಿಂದೆ ಕೂತಿದ್ದ ಅಮ್ಮನನ್ನು ಇಳಿಸಿ, ಅವರಿವರ ಕೈಕಾಲು ಹಿಡಿದು ಪಕ್ಕದ ಗ್ಯಾರೇಜಿಗೆ ತಳ್ಳಿಸಿದೆ. ಟ್ಯಾಂಕು ಖಾಲಿ ಮಾಡಿ ತೊಳೆಯುವಷ್ಟರಲ್ಲಿ ಸಂಜೆಯಾಯಿತು. ನಿಂತು ನಿಂತು ಕಾಲು ಸೋತವು.

"ಸ್ಟಾರ್ಟ್ ಮಾಡಿದ್ರೆ ಇಂಜಿನ್ ಕಥೆ ಮುಗೀತಿತ್ತು. ಮಾಡಬಾರದು ಅಂತ ಯಾರ್ ಹೇಳ್ಕೊಟ್ರು?" ಎಂದ ಮೆಕ್ಯಾನಿಕ್.

"ನಮ್ಮಪ್ಪ. ಡ್ರೈವರ್."

"ಹಾಗಾದ್ರೆ ಮೊದಲ ಸಾವಿರ ಕಿಲೋಮೀಟರ್ ನಿಧಾನ ಓಡಿಸಿ ಅಂತ ನಾನ್ ಹೇಳೋದೇ ಬೇಡ. ಅವರನ್ನೂ ಕರ್ಕೊಂಡ್ ಬರಬಾರದಿತ್ತಾ?"

"ಡ್ಯೂಟಿಗೆ ಹೋಗಿದಾರೆ" ಅಂದುಬಿಟ್ಟೆ. ಅಮ್ಮ ನನ್ನತ್ತ ನೋಡಲಿಲ್ಲ.

ಮನೆಯ ದಾರಿಯಲ್ಲಿ ಅಮ್ಮ ಮೆಲ್ಲಗೆ ಕೇಳಿದಳು: "ಊಟಕ್ಕೆ ಬರ್ತಾರಂತಾ?"

"ಲೇಟಾಗುತ್ತಂತೆ ಅಮ್ಮ" ಅಂದೆ.